ಹತ್ತೊಂಬತ್ತಕ್ಕೆ ಹನ್ನೆರಡೂ ಮೂರನೇ ಎರಡು

ಹಳೆಯ ಕ್ಯಾಸೆಟ್ಟುಗಳಲ್ಲಿರುವುದನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಸ್ಟುಡಿಯೊ ಒಂದು ವಿರಾಜಪೇಟೆಯಲ್ಲಿದೆ. ಏಳು ಕ್ಯಾಸೆಟ್ಟು ಕೊಟ್ಟಿದ್ದೆ. ಒಂದಕ್ಕೆ 350 ರೂಪಾಯಿ, ಪೆನ್‌ಡ್ರೈವಿಗೆ 400. ಹತ್ತು ದಿನ ಎಂದಿದ್ದರು, ಐದು ವಾರ ಹಿಡಿಯಿತು. ಕೆಲಸ ಅಚ್ಚುಕಟ್ಟು. ಒಂದು ಕ್ಯಾಸೆಟ್ಟಿನ ವಿಷಯದಲ್ಲಿ ಮಾತ್ರ ಅದು ಅತಿಯಾಗಿ, ಅಮ್ಮತ್ತಿಯಿಂದ ಎರಡನೆಯ ಸಲ ಬಸ್ಸು ಹತ್ತಬೇಕಾಯಿತು. ಅಂಗಡಿಯ ಹೆಸರು ಹಾಕುವುದಿಲ್ಲ. ನಡೆಸುವವನು ಒಬ್ಬನೇ ಹುಡುಗ. ತಪ್ಪಾಗಿದೆ ಎಂದಾಗ ವಾದಿಸದೆ ತಿದ್ದಿಕೊಟ್ಟ. ಹೆಸರು ಹಾಕಿದರೆ ಓದುವವರು ತಪ್ಪನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಮೂವತ್ತು ಚಿಲ್ಲರೆ ವರ್ಷ ಗಣಿತದ ಉತ್ತರಪತ್ರಿಕೆ ತಿದ್ದಿದ ಕೈ ಇದು, ನಂಬರು ಹಾಕದೆ ಬಿಡುವುದಿಲ್ಲ: 19ಕ್ಕೆ 12⅔. ನೂರಕ್ಕಾಗಲಿ ಐದು ನಕ್ಷತ್ರಕ್ಕಾಗಲಿ ಯಾಕೆ ಹಾಕಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಕ್ಯಾಸೆಟ್ಟುಗಳ ಪಾಡು. ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಸೊಂಟದ ಬೆಲ್ಟಿಗೆ ಬರುತ್ತದೆ, ಮದುವೆಯ ಆಲ್ಬಮ್ಮಿನಲ್ಲಿ ಮದುಮಗನ ಮುಖಕ್ಕೇ ಬರುತ್ತದೆ. ಟೇಪನ್ನು ಬಿಡುತ್ತದೆಯೇ? ನಮ್ಮ ಅತ್ತೆ ಅವನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಯ ಅಟ್ಟದಲ್ಲಿ ಒಳ್ಳೆಮೆಣಸಿನ ಚೀಲದ ಪಕ್ಕಕ್ಕೆ, ಒಲೆಯ ಹೊಗೆ ತಾಗುವ ಹಾಗೆ ಇಟ್ಟಿದ್ದರು. ಆ ಹೊಗೆಯಿಂದಲೇ ಉಳಿದವು ಎಂದು ನಾನು. ಆ ಹೊಗೆಯಿಂದಲೇ ಕೆಟ್ಟವು ಎಂದು ನಮ್ಮ ಮನೆಯವರು. ಅವರು ಭೌತಶಾಸ್ತ್ರದ ಮೇಷ್ಟ್ರು, ಅವರಿಗೆ ಎಲ್ಲದಕ್ಕೂ ಕಾರಣ ಬೇಕು. ಎರಡು ಕ್ಯಾಸೆಟ್ಟಿನ ಟೇಪಿನ ಅಂಚಿಗೆ ಉಪ್ಪು ಉದುರಿಸಿದಂತೆ ಬಿಳಿ ಹಿಡಿದಿತ್ತು. ಒಂದರೊಳಗಿನ ಪುಟ್ಟ ಫೆಲ್ಟಿನ ತುಂಡು ಗೋಂದು ಬಿಟ್ಟು ಕಳಚಿಕೊಂಡಿತ್ತು. ಇನ್ನೊಂದು ತುಂಡಾಗಿತ್ತು.

ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋದೆ. ಮಹಡಿ ಮೆಟ್ಟಿಲು ಇಪ್ಪತ್ತೆರಡು, ಕೈಹಿಡಿ ಒಂದೇ ಬದಿಗೆ. ಇಳಿಯುವಾಗ ಬಲಗೈಗೆ ಸಿಗುವುದು ಬರೀ ಗೋಡೆ. ಎಪ್ಪತ್ತು ದಾಟಿದವರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವುದು ಲೇಸು. ಕ್ಯಾಸೆಟ್ಟು ಇರುವುದು ನಮ್ಮಂಥವರ ಮನೆಯಲ್ಲಿ, ಅಂಗಡಿ ಮಾಡಿರುವುದು ಮಹಡಿಯ ಮೇಲೆ. ಇದಕ್ಕೆ ಅರ್ಧ ಅಂಕ ಕಳೆದಿದ್ದೇನೆ.

ಹುಡುಗ ಕೆಲಸ ಬಲ್ಲವನು. ಸ್ಕ್ರೂ ಇರುವ ಕ್ಯಾಸೆಟ್ಟನ್ನು ಬಿಚ್ಚುತ್ತಾನೆ. ಸ್ಕ್ರೂ ಇಲ್ಲದೆ ಅಂಟಿಸಿದ್ದಾದರೆ ಅಂಚಿಗೆ ಬ್ಲೇಡು ಇಟ್ಟು ಬಿಡಿಸಿ, ಒಳಗಿನ ಎರಡು ಚಕ್ರವನ್ನು ಟೇಪಿನ ಸಮೇತ ಬೇರೆ ಗೂಡಿಗೆ ಕೂರಿಸುತ್ತಾನೆ. ಫೆಲ್ಟು ಹೊಸದು ಹಾಕಿದ. ಟೇಪ್ ಉಜ್ಜಿ ಹೋಗುವ ಹೆಡ್ಡನ್ನು ಪ್ರತಿ ಕ್ಯಾಸೆಟ್ಟಿಗೆ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾನೆ. ಹತ್ತಿ ಕಂದಾಗಿ ಹೊರಬರುವುದನ್ನು ನನಗೆ ತೋರಿಸಿದ. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೆಡ್ಡಿನ ಓರೆಯನ್ನು ಕೂದಲೆಳೆಯಷ್ಟು ತಿರುಗಿಸಿದ. ಗವ್ವೆನ್ನುತ್ತಿದ್ದ ದನಿ ಥಟ್ಟನೆ ಬಾಯಿ ಬಿಟ್ಟು ಮಾತಾಡಿತು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆಯಿತ್ತೋ ಕೇಳಿಸುವ ಯಂತ್ರದ್ದೂ ಅಷ್ಟೇ ಓರೆಯಿರಬೇಕಂತೆ. ತೊಂಬತ್ತು ನಿಮಿಷದ ಟೇಪಿಗೆ ತೊಂಬತ್ತು ನಿಮಿಷವೇ ಬೇಕು, ಅಡ್ಡದಾರಿಯಿಲ್ಲ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಕಕ್ಕಡದಲ್ಲಿ ಕರೆಂಟು ಇರುವುದೇ ಸುದ್ದಿ, ಐದು ವಾರವಾದದ್ದಕ್ಕೆ ಅಂಕ ಕಳೆದಿಲ್ಲ.

ಒಂದು ಕ್ಯಾಸೆಟ್ಟಿನ ಮೇಲೆ ನನ್ನ ಅಕ್ಷರದಲ್ಲಿ '1-10-79, ಕಾನೊ' ಎಂದು ಬರೆದಿತ್ತು.

"ಕಾನೊ ಅಂದರೆ ಎಲ್ಲಿ ಬರುತ್ತದೆ ಟೀಚರ್, ಸುಳ್ಯದ ಕಡೆಯೇ?"

ನೈಜೀರಿಯ ಎಂದೆ. ಹುಡುಗ ತಲೆಯೆತ್ತಿ ನನ್ನನ್ನೂ, ನನ್ನ ಕೊಡೆಯನ್ನೂ ನೋಡಿದ.

1978ರಲ್ಲಿ ನಾವಿಬ್ಬರೂ ಅಲ್ಲಿಗೆ ಮೇಷ್ಟ್ರುಗಳಾಗಿ ಹೋದೆವು. ಆ ದೇಶದಲ್ಲಿ 1976ರಿಂದ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಎಂದು ಸರ್ಕಾರ ಸಾರಿತ್ತು. ಮಕ್ಕಳು ಬಂದರು, ಕಲಿಸುವವರು ಸಾಲಲಿಲ್ಲ. ಅಂತೂ ನಮ್ಮಂಥ ಎಷ್ಟೋ ಮಂದಿ ಭಾರತದಿಂದ ಹೋದರು. ಕಾನೊ ಪಟ್ಟಣದಿಂದ ಒಂದು ಗಂಟೆಯ ದಾರಿಯಲ್ಲಿ ನಮ್ಮ ಶಾಲೆ. ಮಳೆಗಾಲ ಬಿಟ್ಟರೆ ಧೂಳು. ಚಳಿಗಾಲದಲ್ಲಿ ಸಹಾರಾದ ಕಡೆಯಿಂದ ಹರ್ಮಟ್ಟನ್ ಎಂಬ ಒಣಗಾಳಿ ಬೀಸಿದರೆ ತುಟಿ ಒಡೆದು, ಹಗಲಲ್ಲೇ ಸೂರ್ಯ ಅಲ್ಯುಮಿನಿಯಂ ತಟ್ಟೆಯ ಹಾಗೆ ಕಾಣುತ್ತಿದ್ದ. ಕೊಡಗಿನಿಂದ ಹೋದವಳಿಗೆ ಮೊದಲ ವರ್ಷ ಹಸಿರಿನ ಕನಸೇ ಬೀಳುತ್ತಿತ್ತು. ಸಂಜೆ ಹೆಂಗಸರು ಮಾರುತ್ತಿದ್ದ ಕೊಸೈ ಎಂಬ ಅಲಸಂದೆಯ ವಡೆ, ಸಜ್ಜೆ ಉಂಡೆಯನ್ನು ಮಜ್ಜಿಗೆಯಲ್ಲಿ ಕಿವುಚಿದ ಫುರಾ, ಇವೆರಡು ನಮ್ಮನ್ನು ಬದುಕಿಸಿದವು.

ಸೇನೆ ಅಲ್ಲಿ 1966ರ ಜನವರಿಯಿಂದ ಆಳುತ್ತಿತ್ತು. ಎರಡೂವರೆ ವರ್ಷದ ಅಂತರ್ಯುದ್ಧ, ಒಬ್ಬ ಜನರಲ್‌ನನ್ನು ಇಳಿಸಿ ಇನ್ನೊಬ್ಬ, ಎಲ್ಲ ಆಗಿತ್ತು. ಅಧಿಕಾರವನ್ನು ನಾಗರಿಕರಿಗೆ ಒಪ್ಪಿಸುತ್ತೇವೆ ಎಂದು ದಿನ ಗೊತ್ತುಮಾಡಿದ್ದ ಮುರ್ತಲಾ ಮೊಹಮ್ಮದ್ 1976ರ ಫೆಬ್ರವರಿಯಲ್ಲಿ ಲಾಗೋಸಿನ ರಸ್ತೆಯಲ್ಲಿ ಕೊಲೆಯಾದರು. ಅವರ ಜಾಗಕ್ಕೆ ಬಂದ ಒಬಸಾಂಜೊ ದಿನವನ್ನು ಬದಲಿಸಲಿಲ್ಲ. ನಾವು ಹೋದ ವರ್ಷದ ಸೆಪ್ಟೆಂಬರ್ 21ಕ್ಕೆ ಪಕ್ಷಗಳ ಮೇಲಿದ್ದ ನಿಷೇಧ ತೆಗೆದರು. ಮರುದಿನದಿಂದ ಊರಿನ ಕ್ಷೌರದ ಅಂಗಡಿಯಲ್ಲಿ ಕತ್ತರಿಗಿಂತ ಬಾಯಿಯ ಸದ್ದೇ ಹೆಚ್ಚು ಎಂದು ನಮ್ಮ ಮನೆಯವರು ಬಂದು ಹೇಳಿದರು. ಅರ್ಜಿ ಹಾಕಿದ ಪಕ್ಷಗಳಲ್ಲಿ ಐದಕ್ಕೆ ಮಾತ್ರ ಮನ್ನಣೆ ಸಿಕ್ಕಿತು.

ಸ್ಟಾಫ್ ರೂಮಿನಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿಮ್ಮಲ್ಲಿ ತುರ್ತು ಪರಿಸ್ಥಿತಿ ತಂದವರನ್ನು ಬರೀ ವೋಟಿನಿಂದ ಇಳಿಸಿದಿರಂತೆ, ಹೌದೇ? ಹೌದು ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಅದೇ ಕಾಂಗ್ರೆಸ್ಸಿಗೆ ಕೊಟ್ಟಿದ್ದೆವು ಎಂಬುದನ್ನು ಹೇಳುತ್ತಿರಲಿಲ್ಲ. ಹೊರಗಿನವರ ಮುಂದೆ ಮನೆಯ ಮರ್ಯಾದೆ ನೋಡಬೇಕಲ್ಲ.

1979ರಲ್ಲಿ ಚುನಾವಣೆ ಐದು ಶನಿವಾರ ನಡೆಯಿತು. ಜುಲೈ 7ರಿಂದ ವಾರಕ್ಕೊಂದರಂತೆ ನಾಲ್ಕು, ಕೊನೆಗೆ ಅಧ್ಯಕ್ಷ ಪದವಿಗೆ ಆಗಸ್ಟ್ 11ರಂದು ಒಂದು. ಅಷ್ಟರಲ್ಲಿ ರಂಜಾನ್ ಉಪವಾಸ ಶುರುವಾಗಿತ್ತು. ಉತ್ತರ ನೈಜೀರಿಯದ ಹೆಂಗಸರಿಗೆ ಮತದ ಹಕ್ಕು ಬಂದದ್ದೇ 1976ರಲ್ಲಿ; ದೇಶದ ಚುನಾವಣೆಯಲ್ಲಿ ಅವರು ವೋಟು ಹಾಕಿದ್ದು ಅದೇ ಮೊದಲು. ನಮ್ಮ ಪಕ್ಕದ ಮನೆಯ ಹಜಿಯಾ, ಮೆಕ್ಕಾಕ್ಕೆ ಹೋಗಿ ಬಂದಿದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು, ಹಗಲು ಹೊತ್ತು ಅಂಗಳ ದಾಟಿ ಹೊರಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಶನಿವಾರ ಮುಂಜಾನೆ ಮತದಾರರ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಮೂವರು ಸೊಸೆಯರನ್ನು ಹಿಂದಿಟ್ಟುಕೊಂಡು ನಡೆದರು. ಬಾಯಿಗೆ ಹನಿ ನೀರು ಹಾಕದೆ ನಿಂತು, ಬಿಸಿಲೇರಿದ ಮೇಲೆ ಬಂದರು. ಏನು ಕೊಡುತ್ತಾರೆ ಹಜಿಯಾ ಎಂದು ಬೇಲಿಯ ಮೇಲಿಂದ ಕೇಳಿದೆ. ನಲ್ಲಿ ಎಂದರು. ಮೊಣಕೈ ಎತ್ತಿ ನಲ್ಲಿ ತಿರುಗಿಸುವ ಹಾಗೆ ಗಾಳಿಯಲ್ಲಿ ತಿರುಗಿಸಿ ತೋರಿಸಿದರು.

ಎಲ್ಲರ ಬಳಿಯೂ ಇಂಥದ್ದೊಂದು ಆಸೆ ಇತ್ತು. ನಮ್ಮ ಕಾವಲುಗಾರ ಮೈಗಾದಿಗೆ ತಲೆಗಂದಾಯ ಹೋಗಬೇಕಿತ್ತು. ಅದಕ್ಕೆ ಹೌಸಾ ಭಾಷೆಯಲ್ಲಿ ಹರಾಜಿ ಎನ್ನುತ್ತಾರೆ, ಮೊದಲು ಕೇಳಿದಾಗ ಯಾರದೋ ಮನೆ ಹರಾಜಿಗೆ ಬಂತು ಎಂದುಕೊಂಡಿದ್ದೆ. ದನಗಳ ಮೇಲೆ ಹಾಕುವುದು ಜಂಗಾಲಿ. ಬಡವರ ಪಕ್ಷ ಎಂದು ಹೆಸರಾದ ಅಮಿನು ಕಾನೊ ಅವರ ಪಿಆರ್‌ಪಿ ಎರಡನ್ನೂ ತೆಗೆಯುತ್ತದೆ ಎಂದು ಅವನ ನಂಬಿಕೆ. ಈ ಒಂದು ನಂಬಿಕೆ ಸುಳ್ಳಾಗಲಿಲ್ಲ, ಆ ಪಕ್ಷ ರಾಜ್ಯದಲ್ಲಿ ಗೆದ್ದು ಎರಡನ್ನೂ ತೆಗೆಯಿತು. ಹಜಿಯಾಳ ನಲ್ಲಿ ನಾವು ಊರು ಬಿಡುವವರೆಗೂ ಬರಲಿಲ್ಲ.

ಇನ್ನು 12⅔ರ ಕಥೆ. ಗೆಲ್ಲುವವರು ಹೆಚ್ಚು ಮತ ಪಡೆದರೆ ಸಾಲದು, 19 ರಾಜ್ಯಗಳ ಪೈಕಿ ಕನಿಷ್ಠ ಮೂರನೇ ಎರಡರಷ್ಟು ರಾಜ್ಯಗಳಲ್ಲಿ ನಾಲ್ಕನೇ ಒಂದು ಮತ ಪಡೆದಿರಬೇಕು ಎಂದು ನಿಯಮ. ಒಂದೇ ಸೀಮೆಯವನು ದೇಶಕ್ಕೆಲ್ಲ ಯಜಮಾನನಾಗದಿರಲಿ ಎಂಬ ಒಳ್ಳೆಯ ಉದ್ದೇಶ. ಶೆಹು ಶಗಾರಿ 56,88,857 ಮತ ಪಡೆದರು, ಒಬಾಫೆಮಿ ಅವೊಲೊವೊ 49,16,651. ಶಗಾರಿ ಅವರಿಗೆ ನಾಲ್ಕನೇ ಒಂದು ಸಿಕ್ಕಿದ್ದು 12 ರಾಜ್ಯಗಳಲ್ಲಿ. ಹಾಗಾದರೆ ಹತ್ತೊಂಬತ್ತರ ಮೂರನೇ ಎರಡು ಎಷ್ಟು? ಹನ್ನೆರಡೂ ಮೂರನೇ ಎರಡು. ಹದಿಮೂರನೆಯ ರಾಜ್ಯವಾಗಬೇಕಾಗಿದ್ದದ್ದು ನಮ್ಮ ಕಾನೊ. ಅಲ್ಲಿ ಅವರಿಗೆ 12,20,763ರಲ್ಲಿ 2,43,423, ಅಂದರೆ ಶೇಕಡಾ 20ಕ್ಕೂ ಒಂದು ಕೂದಲು ಕಡಿಮೆ.

ಕೂತಲ್ಲಿ ಕೂರದೆ ಕಪ್ಪೆಯಂತೆ ಜಿಗಿಯುವ ಹುಡುಗರ ತರಗತಿಯಲ್ಲಿ ಆ ವಾರ ಯಾರೂ ಕಿಟಕಿಯಾಚೆ ನೋಡಲಿಲ್ಲ. ತರಗತಿಗೆ ರಾಜಕೀಯ ತರಬೇಡಿ ಎಂದು ಪ್ರಿನ್ಸಿಪಾಲರು ಎಚ್ಚರಿಸಿದ್ದರು. ಇದು ಭಿನ್ನರಾಶಿ ಎಂದು ಹೇಳಿ ಬೋರ್ಡಿನ ಮೇಲೆ ಬರೆದೆ. ಶಗಾರಿ ಪಕ್ಷದ ವಾದ: ಕಾನೊ ಪೂರ್ತಿ ಬೇಡ, ಅದರ ಮೂರನೇ ಎರಡು ಸಾಕು. 12,20,763ರ ಮೂರನೇ ಎರಡು 8,13,842. ಅದರ ಕಾಲು ಭಾಗ 2,03,460.5. ಶಗಾರಿ ಅವರ ಮತ ಅದಕ್ಕಿಂತ ಹೆಚ್ಚು, ಆದ್ದರಿಂದ ಗೆದ್ದರು.

"ಆ ಅರ್ಧ ಮತದಾರ ಯಾರು ಮಾಲಮಾ?" ಎಂದು ಮುಂದಿನ ಸಾಲಿನಿಂದ ಒಬ್ಬ. ಮಾಲಮಾ ಎಂದರೆ ಟೀಚರ್. ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿ ಯಾವಾಗಲೂ ನಿದ್ದೆ ಹೊಡೆಯುವ ಒಬ್ಬ ರೈತನ ಮಗ ಎದ್ದು ನಿಂತ. ಹೊಲದ ಮೂರನೇ ಒಂದು ಭಾಗ ಬಿಟ್ಟುಕೊಟ್ಟ ಮೇಲೆ ಅದರಲ್ಲಿ ಬೆಳೆದ ಜೋಳವನ್ನೂ ಬಿಡಬೇಕಲ್ಲವೇ ಎಂದ. ನಾನು ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. 2,43,423ರ ಮೂರನೇ ಎರಡು 1,62,282 ಎಂದು ಬರೆದು, ಅದನ್ನು 2,03,460.5ರ ಕೆಳಗಿಟ್ಟು, ಕೈಯ ಪುಡಿ ಒರೆಸಿಕೊಂಡು ಹೋಗಿ ಕುಳಿತ. ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಶಗಾರಿ ಗೆದ್ದಿದ್ದಾರೆ ಎಂದು. ಭಿನ್ನಮತ ಬರೆದ ನ್ಯಾಯಮೂರ್ತಿ ಕಯೋಡೆ ಎಸೊ ಅವರೂ ಇದೇ ಲೆಕ್ಕ ಹಾಕಿದ್ದರೆಂದು ಆಮೇಲೆ ತಿಳಿಯಿತು. ಹುಡುಗನಿಗೆ ಹೇಳಿದೆ, ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನನ್ನ ಉತ್ತರ ಹದಿಮೂರು. ರಾಜ್ಯ ಎಣಿಸುವ ವಸ್ತು, ಅಳೆಯುವ ವಸ್ತುವಲ್ಲ. ಆದರೂ ಅದರ ಇನ್ನೊಂದು ಮುಖ ನೋಡಿ: ಸೋತವರು ಕೋರ್ಟಿಗೆ ಹೋದರು, ಬ್ಯಾರಕ್ಕಿಗೆ ಹೋಗಲಿಲ್ಲ. ಹದಿಮೂರು ವರ್ಷ ಬಂದೂಕಿನಿಂದ ತೀರ್ಮಾನ ಕಂಡ ದೇಶದಲ್ಲಿ ಜನ ಒಂದು ಭಿನ್ನರಾಶಿಯ ಮೇಲೆ ಚಹಾದ ಅಂಗಡಿಯಲ್ಲಿ ಜಗಳವಾಡುತ್ತಿದ್ದರು. ಗಣಿತದ ಮೇಷ್ಟ್ರಿಗೆ ಅಂಥ ಮರ್ಯಾದೆ ಮತ್ತೆ ಯಾವ ದೇಶದಲ್ಲೂ ಸಿಗಲಿಲ್ಲ.

ಅಕ್ಟೋಬರ್ 1 ಸೋಮವಾರ. ಲಾಗೋಸಿನ ತಫಾವಾ ಬಲೇವಾ ಚೌಕದಲ್ಲಿ ಅಧಿಕಾರ ಹಸ್ತಾಂತರ, ರೇಡಿಯೊದಲ್ಲಿ ನೇರ ಪ್ರಸಾರ. ನಮ್ಮಲ್ಲಿದ್ದದ್ದು ಕಾನೊದ ಸಬೊನ್ ಗರಿ ಮಾರುಕಟ್ಟೆಯಲ್ಲಿ ಕೊಂಡ ಬರೀ ಟೇಪ್ ರೆಕಾರ್ಡರ್, ಅದರಲ್ಲಿ ರೇಡಿಯೊ ಇರಲಿಲ್ಲ. ಹಜಿಯಾಳ ಮಗನ ಟ್ರಾನ್ಸಿಸ್ಟರನ್ನು ಜಗಲಿಯ ಮೇಜಿನ ಮೇಲಿಟ್ಟು ರೆಕಾರ್ಡರಿನ ಮೈಕನ್ನು ಅದರ ಮುಂದೆ ಇಟ್ಟೆ. ಸುತ್ತ ಸ್ಟಾಫ್ ಕ್ವಾರ್ಟರ್ಸಿನ ಅಷ್ಟೂ ಮಂದಿ. ಹೀಗಾಗಿ ಟೇಪಿನಲ್ಲಿ ಇರುವುದು ಎರಡು ಜನಸ್ತೋಮ, ರೇಡಿಯೊದೊಳಗೆ ಲಾಗೋಸಿನದು, ಹೊರಗೆ ನಮ್ಮ ಜಗಲಿಯದು.

ಈಗ ಸ್ಟುಡಿಯೊಗೆ ಬರೋಣ. ಕೈಲ್ ಮುಹೂರ್ತದ ಹಬ್ಬ ಕಳೆದು ಒಂದು ವಾರಕ್ಕೆ ಪೆನ್‌ಡ್ರೈವ್ ತಂದೆ. ಮಗ ಕಳಿಸಿದ್ದ ಸ್ಪೀಕರಿಗೆ ಸಿಕ್ಕಿಸಿ ಇಬ್ಬರೂ ಕುಳಿತೆವು. ಪ್ರಮಾಣವಚನದ ಮಾತು ಗಾಜಿನಷ್ಟು ಸ್ಪಷ್ಟ. ನಲವತ್ತಾರು ವರ್ಷ ಹಳೆಯದು ಎಂದು ಯಾರೂ ಹೇಳಲಾರರು. ಎರಡು ನಿಮಿಷವಾಯಿತು, ನಾಲ್ಕು ನಿಮಿಷವಾಯಿತು. ಒಬ್ಬರು ಮಾತಾಡುತ್ತಾರೆ, ನಿಲ್ಲಿಸುತ್ತಾರೆ, ಬಾವಿಯ ಹಾಗೆ ಮೌನ. ಮತ್ತೆ ಮಾತಾಡುತ್ತಾರೆ. ಮಾತಿನ ಅಂಚಿನಲ್ಲಿ ಮಾತ್ರ ಏನೋ ಗುಳುಗುಳು, ನೀರಿನಲ್ಲಿ ಮುಳುಗಿದವರು ಹರಟುವ ಹಾಗೆ. ಹಜಿಯಾ ಇಲ್ಲ, ಮೈಗಾದಿ ಇಲ್ಲ, ಮಕ್ಕಳಿಲ್ಲ. ಖಾಲಿ ಮೈದಾನದಲ್ಲಿ ಒಬ್ಬ ಮನುಷ್ಯ ಅಧ್ಯಕ್ಷನಾಗುತ್ತಿದ್ದ.

"ಎಷ್ಟು ಚೆನ್ನಾಗಿ ಮಾಡಿದ್ದಾನೆ!" ಎಂದರು ನಮ್ಮ ಮನೆಯವರು. ಅವರಿಗೆ ಎರಡೂ ಕಿವಿಗೆ ಯಂತ್ರವಿದೆ. ಗುಂಪಿನ ಸದ್ದು ಬಂದರೆ ಅದು ಕಿರ್ರೆಂದು ತಲೆನೋವು ತರುತ್ತದೆ. ಅವರ ಪಾಲಿಗೆ ಇದು ದೇವರು ಕೊಟ್ಟ ಟೇಪು. ನಾನು ಮರುದಿನವೇ ಬಸ್ಸು ಹತ್ತಿದೆ.

"ಟೀಚರ್, ಗದ್ದಲ ತುಂಬಾ ಇತ್ತು, ಎಲ್ಲ ತೆಗೆದಿದ್ದೇನೆ" ಎಂದ ಹುಡುಗ, ಹೊಗಳುತ್ತೇನೆ ಎಂಬ ಮುಖದಲ್ಲಿ.

ಹೇಗೆ ತೆಗೆದೆ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ತೋರಿಸಿದ. ಟೇಪಿನ ಆರಂಭದಲ್ಲಿ ಭಾಷಣ ಇಲ್ಲದ ನಾಲ್ಕೈದು ಸೆಕೆಂಡಿನ ಜಾಗ ಆರಿಸಿ, ಗದ್ದಲ ಎಂದರೆ ಇದು ಎಂದು ಯಂತ್ರಕ್ಕೆ ಹೇಳಬೇಕು. ಆಮೇಲೆ ಅದೇ ಜಾತಿಯ ಸದ್ದು ಟೇಪಿನಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಕಳೆಯುತ್ತ ಹೋಗುತ್ತದೆ. ಟೇಪಿನ ಸುಯ್ ಎನ್ನುವ ಸದ್ದಿಗಾಗಿ ಮಾಡಿದ ಉಪಾಯ ಅದು, ಒಳ್ಳೆಯ ಉಪಾಯವೇ. ಆದರೆ ಇವನು ಆರಿಸಿದ ನಾಲ್ಕೈದು ಸೆಕೆಂಡಿನಲ್ಲಿ ನಮ್ಮ ಜಗಲಿಯ ಮೂವತ್ತು ಮಂದಿ ಒಟ್ಟಿಗೆ ಮಾತಾಡುತ್ತಿದ್ದರು. ಯಂತ್ರ ಅವರನ್ನೇ ಗದ್ದಲ ಎಂದು ಕಲಿತುಕೊಂಡಿತು. ವ್ಯವಕಲನ ಸರಿಯಾಗಿದೆ, ಕಳೆಯಬೇಕಾದ ಸಂಖ್ಯೆ ತಪ್ಪು. ಪರೀಕ್ಷೆಯಲ್ಲಾದರೆ ಹಂತಕ್ಕೆ ಅಂಕ ಕೊಡುತ್ತಿದ್ದೆ, ಇಲ್ಲಿಯೂ ಕೊಟ್ಟಿದ್ದೇನೆ.

ಭಾಷಣವನ್ನು ಸರ್ಕಾರಗಳು ಕಾಗದದಲ್ಲಿ ಅಚ್ಚು ಹಾಕಿ ಇಡುತ್ತವೆ, ನನಗೆ ಬೇಕಿದ್ದದ್ದು ನೀನು ತೆಗೆದದ್ದು ಎಂದೆ. ಅವನು ಮೂಲ ಕಡತವನ್ನು ಅಳಿಸಿರಲಿಲ್ಲ, ಅದಕ್ಕೆ ಪೂರ್ತಿ ಅಂಕ. ದೊಡ್ಡ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿ ಹಾಕಿದ.

ಮೊದಲು ಸುಯ್ ಎಂದಿತು. ಆಮೇಲೆ ಕುರ್ಚಿ ಎಳೆದ ಸದ್ದು, ನಮ್ಮವರು "ತಿರುಗುತ್ತಿದೆಯಾ ನೋಡು" ಎಂದು ಕನ್ನಡದಲ್ಲಿ ಪಿಸುಗುಟ್ಟಿದ್ದು, ಯಾರದೋ ಮಗು ಬಿಕ್ಕಳಿಸಿದ್ದು. ರೇಡಿಯೊದೊಳಗೆ ಬ್ಯಾಂಡು. ಹಿಂದಿನ ವರ್ಷವಷ್ಟೇ ರಾಷ್ಟ್ರಗೀತೆ ಬದಲಾಗಿತ್ತು, ಜಗಲಿಯಲ್ಲಿ ಮಕ್ಕಳು ಹೊಸದನ್ನು ಹೇಳುತ್ತಿದ್ದರೆ ಹಿಂದೆ ನಿಂತ ದೊಡ್ಡವರೊಬ್ಬರು ಅಭ್ಯಾಸಬಲದಿಂದ ಹಳೆಯದನ್ನೇ ಹೇಳುತ್ತಿದ್ದಾರೆ. (2024ರಲ್ಲಿ ಆ ದೇಶ ಮತ್ತೆ ಹಳೆಯದಕ್ಕೇ ಮರಳಿದೆ. ಆ ಮನುಷ್ಯ ಬದುಕಿದ್ದರೆ ಕಾದದ್ದು ಸಾರ್ಥಕವಾಯಿತು.) ಪ್ರಮಾಣವಚನ ಮುಗಿದ ಕ್ಷಣಕ್ಕೆ ಹಜಿಯಾ ಗುಡಾ ಹಾಕುತ್ತಾರೆ. ನಾಲಗೆಯನ್ನು ಅತ್ತಿತ್ತ ಆಡಿಸಿ ಒಂದೇ ಉಸಿರಿಗೆ ಎಳೆಯುವ ಕೂಗು ಅದು, ವಯನಾಡಿನ ಕಡೆ ಮದುವೆಯಲ್ಲಿ ಹೆಂಗಸರು ಹಾಕುವ ಕುರವೆಯಂತೆ. ಸೊಸೆಯರು ಸೇರಿಕೊಳ್ಳುತ್ತಾರೆ. ಆ ಕೂಗು ಮುಗಿಯುವ ಮೊದಲೇ ಕಲಂಗು ಏಳುತ್ತದೆ. ನಮ್ಮ ದುಡಿಯದೇ ಆಕಾರದ ವಾದ್ಯ, ಇನ್ನೂ ದೊಡ್ಡದು; ಕಂಕುಳಲ್ಲಿ ಹಿಡಿದು ಹುರಿಯನ್ನು ಒತ್ತಿದಷ್ಟೂ ಸ್ವರ ಏರಿ, ಬಿಟ್ಟಾಗ ಇಳಿದು, ಮಾತಾಡಿದಂತೆ ಕೇಳಿಸುತ್ತದೆ. ಬಾರಿಸಿದ್ದು ನಮ್ಮ ಮೈಗಾದಿ. ಇದರ ಅಡಿಯಲ್ಲಿ ಎಲ್ಲೋ ಹೊಸ ಅಧ್ಯಕ್ಷರು ಮಾತಾಡುತ್ತಿದ್ದಾರೆ, ಒಂದು ಅಕ್ಷರ ಕೇಳಿಸುವುದಿಲ್ಲ. ಆ ದಿನವೂ ಕೇಳಿಸಿರಲಿಲ್ಲ. ಯಾರಿಗೂ ಬೇಕಾಗಿರಲಿಲ್ಲ.

ಎಂಟು ನಿಮಿಷ ಕೇಳಿ ಹೆಡ್‌ಫೋನ್ ತೆಗೆದೆ. ಹುಡುಗ ಒಂದು ಲೋಟ ನೀರು ತಂದಿಟ್ಟಿದ್ದ. ನನಗೆ ನೀರೇನೂ ಬೇಕಿರಲಿಲ್ಲ, ಆದರೂ ಕುಡಿದೆ.

"ಇದು ಯಾವ ಹಬ್ಬ ಟೀಚರ್?"

ಹೇಳಿದೆ. ಮಿಲಿಟರಿಯವರು ತಾವಾಗಿಯೇ ಬಿಟ್ಟು ಹೋದರೇ ಎಂದು ಎರಡು ಸಲ ಕೇಳಿದ. ಹೋದರು. ಒಬಸಾಂಜೊ ಒಟಾ ಎಂಬಲ್ಲಿ ಕೃಷಿಗೆ ಇಳಿದರು. ಕೊಡಗಿನವಳಿಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. ನಮ್ಮಲ್ಲಿ ಸಮವಸ್ತ್ರ ಕಳಚಿದವರೆಲ್ಲ ಹೋಗುವುದು ತೋಟಕ್ಕೇ. ಸೇನೆಯ ಮಹಾದಂಡನಾಯಕರಾಗಿದ್ದ ಕಾರಿಯಪ್ಪನವರು ನಿವೃತ್ತರಾಗಿ ಮಡಿಕೇರಿಯ ರೋಶನಾರಾ ಮನೆಗೆ ಬಂದು ನೆಲೆಸಲಿಲ್ಲವೇ? ಆಗ ನಮ್ಮ ಮಾವನಿಗೆ, ಅವರು ನಿವೃತ್ತ ಸುಬೇದಾರ್, ಈ ಸುದ್ದಿಯನ್ನೆಲ್ಲ ಬರೆದಿದ್ದೆ. ಒಂದೂವರೆ ತಿಂಗಳಿಗೆ ಉತ್ತರ ಬಂತು: ಸಂತೋಷ, ಆದರೆ ಕೋತ್‌ನ ಬೀಗದ ಕೈ ಯಾರ ಬಳಿ ಇದೆ ನೋಡಿಕೊಳ್ಳಿ. ಕೋತ್ ಎಂದರೆ ಪಲ್ಟನ್ನಿನಲ್ಲಿ ಬಂದೂಕು ಇಡುವ ಕೋಣೆ.

1983ರ ಡಿಸೆಂಬರ್ 31ರಂದು ಅದೇ ಜಗಲಿಯಲ್ಲಿ ಅದೇ ಟ್ರಾನ್ಸಿಸ್ಟರ್. ಸಾನಿ ಅಬಾಚಾ ಎಂಬ ಬ್ರಿಗೇಡಿಯರ್ ಸರ್ಕಾರ ಹೋಯಿತೆಂದು ಓದಿದರು. ಬುಹಾರಿ ಎಂಬ ಜನರಲ್ ಬಂದರು. ಎಣ್ಣೆಯ ಬೆಲೆ ಬಿದ್ದು, ಸಂಬಳ ತಿಂಗಳುಗಟ್ಟಲೆ ನಿಂತು, ಆ ವರ್ಷದ ಚುನಾವಣೆಯಲ್ಲಿ ಮೋಸದ ಮಾತು ಊರು ತುಂಬಿ, ಜನ ಬೇಸತ್ತಿದ್ದರು. ಇದನ್ನು ಮುಚ್ಚಿಟ್ಟರೆ ಲೆಕ್ಕ ತಪ್ಪಾಗುತ್ತದೆ: ಆ ದಿನವೂ ನಮ್ಮ ಬೀದಿಯಲ್ಲಿ ಗುಡಾ ಕೇಳಿಸಿತು. ಹಜಿಯಾ ಹಾಕಲಿಲ್ಲ. ಹಾಕಿದವರು ಬೇಡದವರೇನೂ ಅಲ್ಲ. ಅದನ್ನು ನಾನು ರೆಕಾರ್ಡ್ ಮಾಡಲಿಲ್ಲ, ಟೇಪ್ ಖಾಲಿ ಇತ್ತು, ಬ್ಯಾಟರಿಯೂ ಇತ್ತು. ಮುಂದಿನ ವರ್ಷ ಊರಿಗೆ ಬಂದುಬಿಟ್ಟೆವು.

ಆಮೇಲಿನದ್ದನ್ನೆಲ್ಲ ಪತ್ರಿಕೆಯಲ್ಲಿ ಓದಿದ್ದು. 1993ರ ಜೂನ್ 12ರ ಚುನಾವಣೆಯನ್ನು ಸೇನೆಯವರು ರದ್ದು ಮಾಡಿದರು. ಅಬಾಚಾ ತಾವೇ ಗದ್ದುಗೆ ಏರಿದರು. 1999ರ ಮೇ 29ರಂದು ಮತ್ತೊಮ್ಮೆ ಹಸ್ತಾಂತರ. ಈ ಸಲ ಆಯ್ಕೆಯಾಗಿ ಪಡೆದುಕೊಂಡವರು ನನ್ನ ಟೇಪಿನಲ್ಲಿ ಕೊಟ್ಟು ಹೋದ ಅದೇ ಒಬಸಾಂಜೊ. 2015ರಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ಮೊದಲ ಬಾರಿಗೆ ಮತಪೆಟ್ಟಿಗೆಯಲ್ಲಿ ಸೋತು, ಗೆದ್ದವರಿಗೆ ಫೋನು ಮಾಡಿ ಒಪ್ಪಿಕೊಂಡರು. ಗೆದ್ದವರು ಆ 1983ರ ಬುಹಾರಿ. ಇದನ್ನು ಗಟ್ಟಿಯಾಗಿ ಓದಿದಾಗ ನಮ್ಮ ಮನೆಯವರು, "ಆ ದೇಶಕ್ಕೆ ಬೇರೆ ಜನ ಇಲ್ಲವೇ?" ಎಂದರು.

ಉಳಿದ ಆರರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗಳ ನಾಮಕರಣ ಚೆನ್ನಾಗಿ ಬಂದಿದೆ. ಹುತ್ತರಿ ಹಾಡಿನದು ಒಂದು ಬದಿ ವೇಗ ಹೆಚ್ಚಾಗಿ ಅಜ್ಜಂದಿರೆಲ್ಲ ಹುಡುಗರ ದನಿಯಲ್ಲಿ ಹಾಡುತ್ತಾರೆ; ಇದನ್ನು ಹೇಳಿದರೆ ಸರಿಮಾಡಿಕೊಡುತ್ತಾನೆ, ನನಗೇ ತಿದ್ದಿಸುವ ಮನಸ್ಸಾಗಲಿಲ್ಲ. ರಸೀತಿ ಕೇಳಿದರೆ ಮಾತ್ರ ಕೊಡುತ್ತಾನೆ. ಕಡತಗಳಿಗೆ ಇಟ್ಟ ಹೆಸರು 1, 2, 3 ಎಂದು. ಯಾವುದರಲ್ಲಿ ಏನಿದೆ ಎಂದು ತಿಳಿಯಲು ಎಲ್ಲವನ್ನೂ ತೆರೆದು ನೋಡಬೇಕು. ಕೊಡುವಾಗಲೇ ಚೀಟಿ ಬರೆದು ಅಂಟಿಸಿ, ಸದ್ದು ತೆಗೆಯುವ ಮೊದಲು ಕೇಳಲು ಹೇಳಿ. ಸಂಕುಚಿತಗೊಳಿಸದ ದೊಡ್ಡ ಕಡತವನ್ನೂ ಕೇಳಿ ಪಡೆಯಿರಿ, ಅದಕ್ಕೆ ಅವನು ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ.

ಎರಡನೆಯ ಸಲದ ಕೆಲಸಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ. ಕಾನೊದ ಎರಡೂ ಆವೃತ್ತಿ ಈಗ ಪೆನ್‌ಡ್ರೈವಿನಲ್ಲಿದೆ. ಒಂದಕ್ಕೆ 'ಶುದ್ಧ' ಎಂದು, ಇನ್ನೊಂದಕ್ಕೆ 'ಗದ್ದಲ' ಎಂದು ಹುಡುಗನೇ ಹೆಸರಿಟ್ಟ. ಶುದ್ಧವನ್ನು ನಮ್ಮ ಮನೆಯವರು ಕೇಳುತ್ತಾರೆ. ಗದ್ದಲ ಹಾಕಬೇಕಾದರೆ ಅವರು ತೋಟಕ್ಕೆ ಹೋಗುವುದನ್ನು ಕಾಯುತ್ತೇನೆ, ಇಲ್ಲವೇ ಅವರೇ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟು ನನ್ನೆದುರು ಕುಳಿತಿರುತ್ತಾರೆ.

ಏಳನೆಯ ಕ್ಯಾಸೆಟ್ಟು, ತುಂಡಾದದ್ದು, ಇನ್ನೂ ಅವನ ಬಳಿಯೇ ಇದೆ. ಎರಡು ಕಡೆ ಅಂಟಿಸಬೇಕಂತೆ, ಅಂಟಿಸಿದಲ್ಲಿ ಅರ್ಧ ಸೆಕೆಂಡು ಹೋಗುತ್ತದಂತೆ. ಅದರ ಮೇಲೆ ಏನೂ ಬರೆದಿಲ್ಲ, ಏನಿದೆಯೆಂದು ನನಗೂ ನೆನಪಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಬನ್ನಿ ಎಂದಿದ್ದಾನೆ.